ಎಂಟು ವಾರದ ಉಗುರು

ಸೋಮವಾರ ಬೆಳಿಗ್ಗೆ ಗೊಲ್ಲಾಳಪ್ಪ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಮನೆಯವರ ಉಗುರು ತೆಗೆಯುತ್ತಿದ್ದ. ಅವನು ಈ ಕೆಲಸಕ್ಕೆ ಕೂತಾಗ ಯಾರೂ ಮಾತಾಡುವ ಪದ್ಧತಿ ಇರಲಿಲ್ಲ. ಹೆಂಡತಿ ಪರಸವ್ವನ ಎರಡೂ ಕಾಲು ಮುಗಿದಿದ್ದವು. ಮಗ ಕುನಾಲ ಕೈ ಮುಗಿಸಿಕೊಂಡು ಕಾಲು ಚಾಚಿದ್ದ. ಸಣ್ಣ ಕತ್ತರಿ ಕಿಟ್ ಕಿಟ್ ಎನ್ನುತ್ತಿತ್ತು. ಉದುರಿದ ಚೂರುಗಳನ್ನು ಪರಸವ್ವ ಹಳೆಯ ಪೇಪರಿನಲ್ಲಿ ಕೂಡಿಸಿಕೊಳ್ಳುತ್ತಿದ್ದಳು, ಕೋಳಿ ಹೆಕ್ಕಿ ತಿನ್ನಬಾರದೆಂದು.

ಅದು ದ್ರಾಕ್ಷಿ ಬಳ್ಳಿಯ ಕತ್ತರಿ. ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುವ ಕೆಲಸಕ್ಕೆ ತಿಕೋಟಾದ ಕಡೆ ಚಾಟ್ನಿ ಎನ್ನುತ್ತಾರೆ. ಚಾಟ್ನಿ ಎಂದರೆ ಗೊಲ್ಲಾಳಪ್ಪನ ಹೆಸರು ಮೊದಲು ಬರುತ್ತಿತ್ತು. ಹದಿನಾಲ್ಕು ಮಂದಿಯ ಅವನ ಟೋಳಿ ಟ್ರ್ಯಾಕ್ಟರ್ ಟ್ರಾಲಿ ಹತ್ತಿ ಬಬಲೇಶ್ವರ, ಸಾರವಾಡ, ಮಮದಾಪುರ ಎಂದು ತೋಟದಿಂದ ತೋಟಕ್ಕೆ ಹೋಗುತ್ತಿತ್ತು. ಗಂಡಸರು ಕತ್ತರಿಸುತ್ತ ಮುಂದೆ ಹೋದರೆ ಹೆಂಗಸರು ಹಿಂದಿನಿಂದ ಬಂದು ಕಡ್ಡಿಯ ಚಿಗುರೊಡೆಯುವ ಕಣ್ಣುಗಳಿಗೆ ಔಷಧಿ ಹಚ್ಚುತ್ತಿದ್ದರು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟು ಮನೆಯಲ್ಲಿದ್ದ ಮಗಳು ಪೂನಮ ನಾಲ್ಕು ವರ್ಷದಿಂದ ಆ ಕೆಲಸದಲ್ಲಿದ್ದಳು. ಸೋಮವಾರ ಎತ್ತು ಹೂಡದ ದಿನ, ಟೋಳಿಗೂ ರಜೆ. ಆ ದಿನ ಬಳ್ಳಿ ಕತ್ತರಿಸುವ ಕೈ ಮನೆಯವರ ಉಗುರಿಗೆ ಬರುತ್ತಿತ್ತು.

ಗೊಲ್ಲಾಳಪ್ಪ ಕತ್ತರಿಯ ಹಿಡಿಕೆಯಿಂದ ಮಣೆಯನ್ನು ಎರಡು ಸಲ ಕುಟ್ಟಿದ. ಪೂನಮಳ ಸರದಿ ಎಂದು ಅದರ ಅರ್ಥ.

ಪೂನಮ ಗೋಡೆಗೆ ಒರಗಿ ಕೂತಿದ್ದಳು. ಚಾಚಿದ ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡು ಚೂಡಿದಾರದ ಕೆಳಗೆ ಮುಚ್ಚಿಟ್ಟಳು.

"ಬ್ಯಾಡ."

"ಏನ ಬ್ಯಾಡ?"

"ಕತ್ತರಿ ಬ್ಯಾಡ."

"ಹುಚ್ಚಿ, ಹೆಬ್ಬೆರಳ ಕೆಂಪಗಾಗೇತಿ. ಮೂಲಿ ಮಾಂಸದಾಗ ಇಳದೈತಿ. ಓರೆ ತಗದ ಬಿಟ್ರ ನಾಳೆ ಬೂಟ ಹಾಕ್ಕೊಂಡ ಕುಣೀತಿ."

"ಹತ್ತ ದಿನ ಕುಣೀತೇನಿ. ಹನ್ನೊಂದನೇ ದಿನಾ ಅಳ್ತೇನಿ. ಆರ ಸಲ ಆತು ಯಪ್ಪಾ."

ಕುನಾಲ ನಕ್ಕ. "ಎಣಿಸಿ ಇಟ್ಟಾಳ ನೋಡ ಬೇ ನಿನ್ನ ಮಗಳು."

ಎಣಿಸಿದ್ದು ನಿಜ. ಏಪ್ರಿಲ್ ಚಾಟ್ನಿಯಲ್ಲಿ ಬಿಗಿ ರಬ್ಬರ್ ಬೂಟು ಹಾಕಿ ಸಾಲುಗಳಲ್ಲಿ ನಡೆದು ನಡೆದು ಹೆಬ್ಬೆರಳಿನ ಉಗುರು ಒಂದು ಬದಿಗೆ ಒಳಗೆ ಹೊಕ್ಕಿತ್ತು. ಅಪ್ಪ ಮೂಲೆಯನ್ನು ಆಳಕ್ಕೆ ಓರೆಯಾಗಿ ಕತ್ತರಿಸಿ ತೆಗೆದ. ಮರುದಿನ ನೋವು ಹೋಯಿತು. ಹತ್ತು ದಿನದ ಮೇಲೆ ಅದೇ ಮೂಲೆ ಮೊನಚಾಗಿ ಬೆಳೆದು ಮೊದಲಿಗಿಂತ ಒಳಗೆ ಚುಚ್ಚಿತು. ಮತ್ತೆ ಕತ್ತರಿಸಿದ. ಮತ್ತೆ ಚುಚ್ಚಿತು. ಅಕ್ಟೋಬರ್ ಚಾಟ್ನಿ ಬರುವಷ್ಟರಲ್ಲಿ ಆರು ಸಲ ಹೀಗಾಯಿತು. ಬಳ್ಳಿಯ ಕಡ್ಡಿಯನ್ನು ಓರೆಯಾಗಿ ಕತ್ತರಿಸಿದರೆ ಮೇಲೆ ಬಿದ್ದ ನೀರು ಕಣ್ಣಿಗೆ ನಿಲ್ಲದೆ ಜಾರುತ್ತದೆ. ಮೂವತ್ತು ವರ್ಷ ಅವನ ಕೈಗೆ ಆ ಒಂದೇ ಓರೆ ಗೊತ್ತು.

"ನನ್ನ ಕೈಗುಣ ಕೇಳಿ ಸಾರವಾಡದಿಂದ ಗೌಡ್ರು ಗಾಡಿ ಕಳಸ್ತಾರ," ಗೊಲ್ಲಾಳಪ್ಪ ಕತ್ತರಿ ಮಡಚಿದ. "ನನ್ನ ಮಗಳಿಗೆ ನನ್ನ ಕೈ ಬ್ಯಾಡಂತ."

"ಬಳ್ಳಿಗೆ ಬೇಕು. ನನ್ನ ಕಾಲಿಗೆ ಬ್ಯಾಡ," ಎಂದಳು ಪೂನಮ. ಅವಳ ದನಿ ಅವಳಿಗೇ ಕೇಳಿಸಲಿಲ್ಲ, ಆದರೆ ಅಪ್ಪನಿಗೆ ಕೇಳಿಸಿತು.

ಮರುದಿನ ಕುನಾಲ ಅವಳನ್ನು ಬಸ್ಸಿನಲ್ಲಿ ವಿಜಯಪುರಕ್ಕೆ ಕರೆದುಕೊಂಡು ಹೋದ. ಅವನು ಗಾಂಧಿ ಚೌಕದ ಒಂದು ನೋಟಬುಕ್ಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಎರಡು ಓಣಿ ಆಚೆ ಒಂದು ಸಣ್ಣ ದವಾಖಾನೆ. ಡಾಕ್ಟರು ಬೆರಳು ಹಿಡಿದು ಆ ಕಡೆ ಈ ಕಡೆ ಒತ್ತಿ ನೋಡಿದರು. ಎರಡು ದಾರಿ ಇವೆ ಎಂದರು. ಸೂಜಿ ಕೊಟ್ಟು ಉಗುರಿನ ಒಂದು ಪಟ್ಟಿ ಕೊಯ್ದು ತೆಗೆಯುವುದು ಒಂದು. ಕೀವು ಆಗಿಲ್ಲವಾದ್ದರಿಂದ ಕೊಯ್ಯದೆ ಮನೆಯಲ್ಲೇ ಉಗುರನ್ನು ಸರಿದಾರಿಗೆ ತರುವುದು ಇನ್ನೊಂದು. ಎಂಟು ವಾರ ಬೇಕು, ತಾಳ್ಮೆ ಬೇಕು.

"ತಗದ ಬಿಡ್ರಿ ಸಾಹೇಬ್ರ, ಇವತ್ತ," ಎಂದ ಕುನಾಲ. "ಎಂಟ ವಾರ ಯಾರ ಕಾಯ್ತಾರ್ರಿ."

"ಕಾಲು ನಿಮ್ಮದೇನು?" ಡಾಕ್ಟರು ಪೂನಮಳ ಕಡೆ ತಿರುಗಿದರು.

ಪೂನಮ ತಲೆ ತಗ್ಗಿಸಿ ನೆಲದ ಫರಸಿ ನೋಡುತ್ತಿದ್ದಳು. ಅಪರಿಚಿತರ ಮುಂದೆ ಅವಳಿಗೆ ಮಾತು ಬರುತ್ತಿರಲಿಲ್ಲ.

"ಬೆಳಸ್ತೇನ್ರಿ," ಎಂದಳು.

ನರ್ಸು ಶಮಾ ಅವಳನ್ನು ಒಳಗೆ ಕೂರಿಸಿಕೊಂಡು ಎಲ್ಲ ಮಾಡಿ ತೋರಿಸಿದಳು. ದಿನಕ್ಕೆ ಮೂರು ಸಲ ಬೆಚ್ಚನೆಯ ಉಪ್ಪು ನೀರಿನಲ್ಲಿ ಕಾಲು ನೆನೆಯಿಡಬೇಕು. ಒರೆಸಿ ಒಣಗಿಸಿ ಉಬ್ಬಿದ ಮಾಂಸವನ್ನು ಮೆಲ್ಲಗೆ ಹಿಂದಕ್ಕೆ ಸರಿಸಬೇಕು. ಹತ್ತಿಯನ್ನು ಬತ್ತಿಯಂತೆ ಸಣ್ಣಗೆ ಹೊಸೆದು, ಮುಲಾಮು ಸವರಿ, ಉಗುರಿನ ಮೂಲೆಯ ಕೆಳಗೆ ತೂರಿಸಬೇಕು. ದಿನಾ ಹೊಸ ಹತ್ತಿ.

"ಹತ್ತಿ ಮ್ಯಾಲ ಕುಂತ ಉಗುರು ಮಾಂಸ ದಾಟಿ ಹೊರಗ ಬರ್ತೈತಿ," ಎಂದಳು ಶಮಾ. "ಅಲ್ಲೀತನಕ ಕತ್ತರಿ ಹತ್ರ ಬರಬಾರ್ದು. ಮೂಲಿ ಕತ್ತರಿಸಿದ್ರ ಮತ್ತ ಒಂದರಿಂದ ಎಣಿಕಿ. ಬೂಟ ಬ್ಯಾಡ, ಮುಂದ ತೆರದಿದ್ದ ಚಪ್ಪಲ ಹಾಕ್ಕೋ. ಕೀವು ಬಂತು, ಜ್ವರ ಬಂತು, ಕೆಂಪ ಮ್ಯಾಲ ಏರಿತು, ಅವತ್ತ ಓಡಿ ಬಾ. ತಿಳೀತಿಲ್ಲೋ?"

"ತಿಳೀತ್ರಿ."

"ಇಷ್ಟ ದಿನಾ ಯಾರ ಕತ್ತರಿಸಿದ್ರು ಇದನ್ನ? ಯಾರೋ ಬಡಗ್ಯಾರ ಕೆಲಸ ಕಂಡಂಗ ಐತಿ."

ಪೂನಮ ಹತ್ತಿ, ಮುಲಾಮು ಚೀಲಕ್ಕೆ ಹಾಕಿಕೊಂಡಳು. ಅಪ್ಪನ ಹೆಸರು ಅಲ್ಲಿ ಹೇಳಲು ಮನಸ್ಸಾಗಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಕುನಾಲ ಎಲ್ಲ ವರದಿ ಮಾಡಿದ. ಗೊಲ್ಲಾಳಪ್ಪ ರೊಟ್ಟಿ ಮುರಿಯುತ್ತ ಕೇಳಿದ.

"ಬೂಟ ಇಲ್ಲದ ಔಷಧಿ ಹಚ್ಚಾಕ ಯಾರನ್ನೂ ನಾ ತೋಟದಾಗ ಬಿಡಂಗಿಲ್ಲ," ಎಂದ. "ಎಂಟ ವಾರ ಟೋಳಿಗೆ ಬರಬ್ಯಾಡ."

"ಆತು," ಎಂದಳು ಪೂನಮ.

"ಎಂಟ ವಾರ ಆದಮ್ಯಾಲೂ ಬರಬ್ಯಾಡ. ನನ್ನ ಕೈ ಬ್ಯಾಡಂದಾಕಿಗೆ ನನ್ನ ಟೋಳಿ ಯಾಕ?"

"ಎಂಟ ವಾರ ಬರಂಗಿಲ್ಲ. ಆಮ್ಯಾಲ ಬರ್ತೇನಿ."

"ಲೇ ಪರಸಿ, ಕೇಳಿದೇನ ನಿನ್ನ ಮಗಳ ಮಾತು?"

"ಆಕಿ ಬಾಯಾಗ ಮೂರ ಮಾತ ಒಮ್ಮೆ ಬಂದದ್ದ ಇವತ್ತ ನೋಡ್ರಿ," ಎಂದಳು ಪರಸವ್ವ, ಬೈದಳೋ ಹೊಗಳಿದಳೋ ಗೊತ್ತಾಗದಂತೆ. "ಪಲ್ಯ ಹಾಕ್ಲ್ಯಾ?"

ಅಂದಿನಿಂದ ಗೊಲ್ಲಾಳಪ್ಪ ಮಗಳೊಡನೆ ಮಾತು ಬಿಟ್ಟ. ಹೇಳಬೇಕಾದದ್ದನ್ನು ಹೆಂಡತಿಗೆ ಹೇಳುತ್ತಿದ್ದ. "ನೀರ ಕೊಡಂತ ಹೇಳ ಆಕಿಗೆ." ಪೂನಮ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. ಪರಸವ್ವ ಬಾಯಿ ತೆರೆಯುವ ಮೊದಲೇ ತಂಬಿಗೆ ಮುಂದೆ ಬರುತ್ತಿತ್ತು.

ಬೆಳಿಗ್ಗೆ ಆರಕ್ಕೆ ಟ್ರಾಲಿ ಮಸೀದಿಯ ತಿರುವಿನಲ್ಲಿ ನಿಂತು ಹಾರ್ನು ಹೊಡೆಯುತ್ತಿತ್ತು. ಪೂನಮ ಆ ಹೊತ್ತಿಗೆ ಅಂಗಳ ಗುಡಿಸುತ್ತಿದ್ದಳು. ಟ್ರಾಲಿಯಲ್ಲಿ ಹೆಂಗಸರ ನಗು ಕೇಳುತ್ತಿತ್ತು. ಅಲ್ಲಿ ಅವಳು ತಾನಾಗಿ ಮಾತಾಡಿದ್ದು ಕಡಿಮೆ. ಆದರೆ ಉಳಿದವರ ಅತ್ತೆ, ಗಂಡ, ಶಾಲೆಗೆ ಹೋಗದ ಮಕ್ಕಳು, ಮೊಬೈಲಿನಲ್ಲಿ ನೋಡಿದ ಧಾರಾವಾಹಿ, ಎಲ್ಲ ಅವಳ ಕಿವಿಯೊಳಗೆ ಬಂದು ಬೀಳುತ್ತಿತ್ತು. ಅದಿಲ್ಲದಿದ್ದರೆ ತಿಕೋಟಾದಲ್ಲಿ ಅವಳಿಗೆ ಒಲೆ, ನೀರಿನ ನಲ್ಲಿ, ಮತ್ತೆ ಒಲೆ. ಈಗ ಅವಳ ಜಾಗದಲ್ಲಿ ಅಮೋಘಿಯ ತಂಗಿ ಹೋಗುತ್ತಿದ್ದಳು. ಅಮೋಘಿ ಟೋಳಿಯಲ್ಲಿ ಅಪ್ಪನ ಬಲಗೈಯಂತಿದ್ದವನು.

ಕಾಲು ನೆನೆಯಿಡಲು ಏನು ಹಿಡಿಯುವುದೆಂಬುದೇ ಮೊದಲ ಜಗಳ.

"ರೊಟ್ಟಿ ನಾದೂ ಪರಾತ ಮುಟ್ಟಿದ್ರ ನೋಡು!"

"ನಾ ಮುಟ್ಟಿಲ್ಲ ಬೇ. ಅರಿವಿ ನೆನಿಯಿಡೂ ಪ್ಲಾಸ್ಟಿಕ್ ಬುಟ್ಟಿ ತೊಗೊಂಡೇನಿ."

"ಅದರಾಗ ನಿಮ್ಮಪ್ಪನ ಅಂಗಿ ನೆನಿತಾವ."

"ಅಂಗಿಗೇನ ಉಪ್ಪ ಹತ್ತತೈತೇನು? ರುಚಿ ಆಗ್ತಾವ ಬಿಡು."

ಪರಸವ್ವನಿಗೆ ನಗು ಬಂದರೂ ಮುಖ ಆಚೆ ತಿರುಗಿಸಿದಳು. ಮಧ್ಯಾಹ್ನ ಒಂದು ನಿಂಬೆಹಣ್ಣಿಗೆ ತೂತು ಮಾಡಿಕೊಂಡು ಬಂದಳು.

"ಇದನ್ನ ಬೆರಳಿಗೆ ಹಾಕು. ಉಗುರಸುತ್ತಿಗೆ ನಮ್ಮವ್ವ ಇದನ್ನ ಹಾಕ್ತಿದ್ಲು."

"ಇದು ಉಗುರಸುತ್ತಲ್ಲ ಬೇ. ಉಗುರ ಒಳಗ ಹೊಕ್ಕೈತಿ."

"ಒಳಗ ಹೊಕ್ಕಿದ್ದಕ್ಕ ಹುಳಿ ಹತ್ತಿದ್ರ ತಾನ ಹೊರಗ ಬರ್ತೈತಿ."

"ಅಳಿಯ ಏನು ಅದು, ಹುಳಿ ಸಾರ ಕೊಟ್ರ ಎದ್ದ ಹೋಗಾಕ?"

ಆದರೂ ತಾಯಿಯ ಮನಸ್ಸಿಗೆ ಒಂದು ಗಳಿಗೆ ಹಾಕಿಕೊಂಡಳು. ಹಸಿ ಮಾಂಸಕ್ಕೆ ರಸ ತಾಗಿದ್ದೇ ತಡ, ಅಂಗಳದ ತುಂಬ ಒಂಟಿ ಕಾಲಿನಲ್ಲಿ ಕುಪ್ಪಳಿಸಿದಳು. ನಿಂಬೆಹಣ್ಣು ಅಂದಿನ ಸಾರಿಗೆ ಹೋಗಲಿಲ್ಲ, ಕೋಳಿಯೂ ಮೂಸಲಿಲ್ಲ.

ಮೂರನೆಯ ವಾರ ಕೆಟ್ಟದಾಗಿತ್ತು. ಬೆಳೆಯುತ್ತಿದ್ದ ಮೂಲೆ ಮಾಂಸದ ಅತಿ ದಪ್ಪ ಜಾಗಕ್ಕೆ ಬಂದು ಒತ್ತುತ್ತಿತ್ತು. ಹತ್ತಿ ತೂರಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಂಪು ಮೇಲೆ ಏರಿದೆಯೋ ಎಂದು ಪೆನ್ನಿನಿಂದ ಬೆರಳಿನ ಬುಡದಲ್ಲಿ ಗೆರೆ ಎಳೆದು ದಿನಾ ನೋಡುತ್ತಿದ್ದಳು. ಏರಿರಲಿಲ್ಲ. ಕೀವೂ ಇರಲಿಲ್ಲ. ಆದರೆ ನೀರು ತರುವಾಗ ಅವಳ ಹೆಜ್ಜೆ ನೋಡಿ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರು. ಪರಸವ್ವ ಅದನ್ನು ಮನೆಗೆ ತಂದಳು.

"ಕುಂಟಿ ಅಂತಾರ ನಿನಗ. ಕೇಳಾಕ ನನಗ ಬೇಕಾಗೇತಿ?"

"ಅಂದ್ರ ಅನ್ಲಿ. ಅವರೇನ ನನ್ನ ಕಾಲ ಹೊತ್ತಾರೇನು?"

"ಆಪರೇಶನ್‌ಗೆ ಶುಕ್ರವಾರ ಹೆಸರ ಬರಿಸಿ ಬಂದೇನಿ," ಎಂದ ಕುನಾಲ ಒಳಗಿನಿಂದ.

"ನೀ ಬರಿಸಿದ್ರ ನೀನ ಹೋಗಿ ಮಲಗು."

"ನೋಡ ಬೇ, ನಾಲಿಗಿ! ಕಾಲಾಗಿನ ಉಗುರು ಬಾಯಾಗ ಬೆಳದೈತಿ."

ಆ ಶುಕ್ರವಾರ ಯಾರೂ ಹೋಗಲಿಲ್ಲ. ಅದರ ಮುಂದಿನ ಸೋಮವಾರ ಮಧ್ಯಾಹ್ನ ಪೂನಮ ಜೋಳ ಹಸನು ಮಾಡಿ ಮೊರ ಪಕ್ಕಕ್ಕಿಟ್ಟು ಅಲ್ಲೇ ಕಣ್ಣು ಮುಚ್ಚಿದ್ದಳು. ಪಾದ ಯಾರೋ ಹಿಡಿದಂತಾಯಿತು. ತಣ್ಣನೆಯದೊಂದು ಹೆಬ್ಬೆರಳಿಗೆ ತಾಗಿತು. ಕಣ್ಣು ತೆರೆದರೆ ತಾಯಿ ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕೈಯಲ್ಲಿ ಅಪ್ಪನ ಕತ್ತರಿ.

ಪೂನಮ ಕಾಲು ಕಿತ್ತುಕೊಂಡಳು. ಮೊರ ಉರುಳಿ ಜೋಳ ಮನೆಯ ತುಂಬ ಚೆಲ್ಲಿತು.

"ಕಾಲ ನಂದೈತಿ!"

ಅವಳು ಹುಟ್ಟಿ ಇಪ್ಪತ್ತೆರಡು ವರ್ಷಕ್ಕೆ ಆ ಮನೆಯಲ್ಲಿ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಪಕ್ಕದ ಮನೆಯ ರೋಶನಬಿ ಗೋಡೆಯ ಮೇಲಿನಿಂದ ಇಣುಕಿದಳು.

"ಏನಾತ ಪರಸವ್ವಾ?"

"ಏನಿಲ್ಲ ಬೇ, ಬೆಕ್ಕು," ಎಂದಳು ಪರಸವ್ವ. ಆಮೇಲೆ ದನಿ ತಗ್ಗಿಸಿ, "ಹಡದಾಕಿ ನಾ. ನಾ ಮುಟ್ಟಬಾರದೇನು?"

"ಎಚ್ಚರ ಇದ್ದಾಗ ಕೇಳಿ ಮುಟ್ಟು."

"ನಿಮ್ಮಪ್ಪ ಹೇಳಿದ. ನಿದ್ದಿ ಒಳಗ ತಗದ ಬಿಡು, ಆಕಿಗೆ ಗೊತ್ತಾಗಂಗಿಲ್ಲ ಅಂದ. ನಿನ್ನ ಸಂಕಟ ನೋಡಾಕ ಆಗವಲ್ದು ಅವಗ."

ಪೂನಮ ಬಾಗಿ ಬೆರಳು ನೋಡಿಕೊಂಡಳು. ಮೂಲೆ ಉಳಿದಿತ್ತು. ಹತ್ತಿ ಮಾತ್ರ ಕಿತ್ತು ಬಂದಿತ್ತು. ತಾಯಿ ಮಗಳು ಇಬ್ಬರೂ ಕೂತು ಚೆಲ್ಲಿದ ಜೋಳವನ್ನು ಬಳಿದರು.

ಗೊಲ್ಲಾಳಪ್ಪ ಊಟಕ್ಕೆ ಕೂತಾಗ ಪೂನಮ ಕತ್ತರಿಯನ್ನು ತಂದು ಅವನ ತಾಟಿನ ಪಕ್ಕದಲ್ಲಿ ಇಟ್ಟಳು.

"ಮತ್ತ ಯಾರರ ನಿದ್ದಿ ಒಳಗ ನನ್ನ ಕಾಲ ಹಿಡದ್ರ, ನಾ ಈ ಮನ್ಯಾಗ ಮಲಗಂಗಿಲ್ಲ. ರೋಶನಬಿ ಅಮ್ಮನ ಮನ್ಯಾಗ ಮಲಗತೇನಿ. ಯಾಕಂತ ಓಣಿ ಕೇಳಿದ್ರ ಹೇಳ್ತೇನಿ."

ಗೊಲ್ಲಾಳಪ್ಪ ಕತ್ತರಿಯನ್ನು ನೋಡಿದ. ಮಗಳನ್ನು ನೋಡಲಿಲ್ಲ.

"ಪರಸಿ, ಶೇಂಗಾ ಹಿಂಡಿ ಹಾಕು," ಎಂದ.

ಕತ್ತರಿ ಅಂದಿನಿಂದ ಅದನ್ನಿಡುವ ಗೋಡೆಯ ಮಾಡದಲ್ಲಿ ಕಾಣಲಿಲ್ಲ. ಟೋಳಿಯ ಚೀಲದಲ್ಲೇ ಉಳಿಯಿತು. ಸೋಮವಾರದ ಮಣೆಯೂ ಹೊರಗೆ ಬರಲಿಲ್ಲ. ಕುನಾಲ ಗಾಂಧಿ ಚೌಕದಿಂದ ಒಂದು ನೇಲ್‌ಕಟರ್ ತಂದು ತನ್ನ ಉಗುರು ತಾನೇ ತೆಗೆದುಕೊಂಡ. ಪರಸವ್ವನ ಉಗುರು ಹಾಗೇ ಬೆಳೆದವು.

"ಮನಿ ಮಂದಿ ಎಲ್ಲಾ ಗಿಡುಗ ಆಗೇವಿ ನಿನ್ನ ಕಾಲಾಗ," ಎಂದು ಅವಳು ಬೈಯುತ್ತ ಪಾತ್ರೆ ತಿಕ್ಕಿದಳು. ಆದರೂ ಬೆಳಿಗ್ಗೆ ರೊಟ್ಟಿ ಮುಗಿದ ಒಲೆಯ ಮೇಲೆ ಉಪ್ಪು ನೀರಿನ ಪಾತ್ರೆ ತಾನಾಗಿ ಇರತೊಡಗಿತು. ಇಟ್ಟವರು ಯಾರೆಂದು ಪೂನಮ ಕೇಳಲಿಲ್ಲ.

ಆರನೆಯ ವಾರ ಒಂದು ದಿನ ಕರೆಂಟು ಹೋಗಿ ಗಿರಣಿ ನಿಂತು, ಹಿಟ್ಟು ತಡವಾಯಿತು. ಗೊಲ್ಲಾಳಪ್ಪ ಬುತ್ತಿ ಇಲ್ಲದೆಯೇ ಟ್ರಾಲಿ ಹತ್ತಿದ. ಪರಸವ್ವನಿಗೆ ಮಹಿಳಾ ಸಂಘದ ಸಭೆ ಇತ್ತು. ಪೂನಮ ಬುತ್ತಿ ಕಟ್ಟಿಕೊಂಡು, ಮುಂದಿನ ಪಟ್ಟಿ ಕತ್ತರಿಸಿ ಅಗಲ ಮಾಡಿದ ಚಪ್ಪಲಿ ಮೆಟ್ಟಿ, ಬಬಲೇಶ್ವರದ ಬಸ್ಸು ಹತ್ತಿದಳು. ಬಸ್ಸಿಳಿದು ತೋಟಕ್ಕೆ ಎರಡು ಕಿಲೋಮೀಟರು. ಹೋಗುತ್ತ ಹೋಗುತ್ತ ತಾನು ಎಡಗಾಲಿಗಷ್ಟೇ ಭಾರ ಹಾಕಿ ಕುಂಟುತ್ತಿಲ್ಲವೆಂಬುದು ಗೊತ್ತಾಯಿತು. ನಿಂತು, ಬೇಕೆಂದೇ ಬಲಗಾಲನ್ನು ಒತ್ತಿ ಊರಿ ನೋಡಿದಳು. ಮುಂದೆ ನಡೆದಳು.

ಟೋಳಿ ಊಟಕ್ಕೆ ಇಳಿಯುವ ಹೊತ್ತು. ತಡವಾಗಿ ಹಿಡಿದ ತೋಟ, ಇನ್ನೂ ಚಾಟ್ನಿ ನಡೆದಿತ್ತು. ಅಪ್ಪ ಹೊಸದಾಗಿ ಸೇರಿದ ಯುನುಸನಿಗೆ ಕೆಲಸ ಹೇಳಿಕೊಡುತ್ತಿದ್ದ. ಯುನುಸ ಮೂರು ಮಕ್ಕಳ ತಂದೆ, ಇಷ್ಟು ದಿನ ಇಟ್ಟಂಗಿ ಭಟ್ಟಿಯಲ್ಲಿದ್ದವನು.

"ಕಣ್ಣ ಕಾಣ್ತೈತಿಲ್ಲೋ? ಅದರಿಂದ ಒಂದ ಬೆರಳ ಬಿಟ್ಟ ಕತ್ತರಸು. ಬುಡಕ್ಕ ಕತ್ತರಿ ಹಚ್ಚಿದ್ಯೋ, ಆ ಕಣ್ಣ ಸಾಯ್ತೈತಿ. ದುರಾಸಿ ಮಾಡಬಾರ್ದು ಬಳ್ಳಿ ಜೋಡಿ."

"ಯಾರಿವರು? ಪೂನಮಬಾಯಿ!" ಅಮೋಘಿ ದೂರದಿಂದಲೇ ಕೂಗಿದ. "ಕುಂಟಿ ಅಂದ್ರು, ಕುದುರಿ ಬಂದಂಗ ಬರ್ತಾಳಲ್ಲೋ!"

ಎಲ್ಲರೂ ತಿರುಗಿದರು. ಗೊಲ್ಲಾಳಪ್ಪನ ಕಣ್ಣು ಮಗಳ ಕಾಲಿಗೆ ಹೋಗಿ ತಟ್ಟನೆ ಬಳ್ಳಿಗೆ ಮರಳಿತು.

"ಅಮೋಘಿ, ಬುತ್ತಿ ಇಟ್ಟ ಹೋಗಂತ ಹೇಳ ಆಕಿಗೆ."

ಪೂನಮ ಬುತ್ತಿಯನ್ನು ಕಲ್ಲಿನ ಮೇಲೆ ಇಟ್ಟಳು. ಹೋಗಲಿಲ್ಲ. ಟೋಳಿಯ ಗಂಡಸರು ಹೆಂಗಸರೆಲ್ಲ ನೋಡುತ್ತಿದ್ದರು. ಅವಳ ಕಿವಿ ಬಿಸಿಯಾದವು.

"ಯಪ್ಪಾ, ಬಳ್ಳಿಗೆ ಒಂದ ಬೆರಳ ಬಿಡ್ತಿ. ನನ್ನ ಉಗುರಿಗೆ ಯಾಕ ಬಿಡಲಿಲ್ಲ? ಬುಡಕ್ಕ ಹಚ್ಚಿದಿ. ಆರ ಸಲಾನೂ ಬುಡಕ್ಕ ಹಚ್ಚಿದಿ."

ಯುನುಸ ಕೈಯಲ್ಲಿದ್ದ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಮೋಘಿಗೆ ಮಾತ್ರ ತಡೆಯಲಾಗದೆ ನಗು ಸಿಡಿಯಿತು.

"ಸಿಕ್ಕೊಂಡಿ ಮಾವಾ! ನಿನ್ನ ಪಾಠ ನಿನಗ ಒಪ್ಪಿಸ್ಯಾಳ!"

"ನಗಬ್ಯಾಡ ಲೇ," ಎಂದ ಗೊಲ್ಲಾಳಪ್ಪ. ಅವನ ಕುತ್ತಿಗೆ ಕೆಂಪಾಗಿತ್ತು. "ಬಸ್ಸಿಗೆ ಹೊತ್ತಾತಂತ ಹೇಳ ಆಕಿಗೆ."

ಸಂಜೆ ಮನೆಗೆ ಬಂದವನು ಖಾಲಿ ಬುತ್ತಿಯನ್ನು ಪರಸವ್ವನ ಕೈಗೆ ಕೊಟ್ಟ. "ಮಂದ್ಯಾಗ ಮಾನ ಕಳದ್ಲು ನನ್ನ ಮಗಳು," ಎಂದ.

"ಸುಳ್ಳ ಹೇಳಿದ್ಲೇನ್ರಿ?"

ಪರಸವ್ವ ಹಾಗೆ ಕೇಳುತ್ತಾಳೆಂದು ಒಳಗಿದ್ದ ಪೂನಮಳೂ ಎಣಿಸಿರಲಿಲ್ಲ. ಗೊಲ್ಲಾಳಪ್ಪ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ. ಬಹಳ ಹೊತ್ತು ತೊಳೆದ.

ಎಂಟನೆಯ ವಾರ ಮುಗಿಯುವ ದಿನ, ಸೋಮವಾರ, ಪೂನಮ ಒಬ್ಬಳೇ ವಿಜಯಪುರಕ್ಕೆ ಹೋದಳು. ಶಮಾ ಅವಳ ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿದಳು. ಉಗುರಿನ ಮೂಲೆ ಮಾಂಸ ದಾಟಿ, ಬೆರಳ ತುದಿಗೆ ಸಮವಾಗಿ, ಹೊರಗೆ ಕೂತಿತ್ತು. ಊತ ಇಳಿದು ಚರ್ಮ ಹುಣಸೆ ಬೀಜದಂತೆ ನುಣುಪಾಗಿತ್ತು.

"ಡಾಕ್ಟರ್ ಸಾಹೇಬ್ರ, ಬಂದ ನೋಡ್ರಿ. ಅರ್ಧಾ ಮಂದಿ ಮೂರನೇ ವಾರ ಓಡಿ ಬಂದ ಕೊಯ್ಸ್ಕೊಂಡ ಹೋಗ್ತಾರ. ಈಕಿ ನೋಡ್ರಿ."

ಡಾಕ್ಟರು ನೋಡಿ ತಲೆಯಾಡಿಸಿದರು. ಇನ್ನು ಮೇಲೆ ಉಗುರು ನೇರವಾಗಿ, ತುದಿಗೆ ಸಮ, ಮೂಲೆ ಬಿಟ್ಟು ತೆಗೆಯಬೇಕು ಎಂದರು. ಬೂಟು ಹಾಕಬಹುದು, ಒಂದು ಅಳತೆ ದೊಡ್ಡದು. ಪೂನಮ ಬರುವಾಗ ಹೊಸ ಬೂಟು ಕೊಂಡು ಕುನಾಲನ ಅಂಗಡಿಗೆ ಹೋದಳು. ಕುನಾಲ ಅದನ್ನು ಎತ್ತಿ ಹಿಡಿದ.

"ಇದರಾಗ ನೀನೂ ನಿನ್ನ ಹಟಾನೂ ಎರಡೂ ಹಿಡೀತಾವ ಬಿಡು," ಎಂದ. ಆಮೇಲೆ ಮೆಲ್ಲಗೆ, "ಅಪ್ಪ ಟೋಳಿಗೆ ಬಿಡಂಗಿಲ್ಲ ನಿನ್ನ. ಅಮೋಘಿ ತಂಗೀನ ಕಾಯಂ ಮಾಡ್ಯಾನ."

"ಆಕಿನೂ ಬರ್ಲಿ. ನಾನೂ ಬರ್ತೇನಿ. ತೋಟ ಏನ ಸಣ್ಣದೈತಿ?"

ಮಂಗಳವಾರ ಆರಕ್ಕೆ ಹಾರ್ನು ಕೇಳಿತು. ಗೊಲ್ಲಾಳಪ್ಪ ಆಗಲೇ ಹೋಗಿ ಟ್ರಾಲಿಯ ಮುಂದಿನ ಹಲಗೆಗೆ ಬೆನ್ನು ಕೊಟ್ಟು ಕೂತಿದ್ದ. ಚಾಟ್ನಿ ಮುಗಿದು ಈಗ ಮಮದಾಪುರದಲ್ಲಿ ಒತ್ತಾದ ಕಾಯಿ ತೆಗೆದು ಗೊನೆ ತೆಳು ಮಾಡುವ ಕೆಲಸ. ಎರಡೂ ಬದಿಯ ಹಲಗೆಗಳ ಮೇಲೆ ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಅಮೋಘಿಯ ತಂಗಿ ಹಿಂದಿನ ತುದಿಯಲ್ಲಿದ್ದಳು.

ಪೂನಮ ಬುತ್ತಿಯ ಗಂಟು ಹಿಡಿದು ತಿರುವಿಗೆ ಬಂದಳು. ಹೊಸ ಬೂಟು ದಪ್ ದಪ್ ಎನ್ನುತ್ತಿತ್ತು. ಮಾತುಗಳು ಒಂದೊಂದಾಗಿ ನಿಂತವು. ಯಾರೂ ಕೈ ಕೊಡಲಿಲ್ಲ. ಅವಳು ಗಂಟನ್ನು ಒಳಗೆ ಎಸೆದು, ಕೊಂಡಿಯ ಮೇಲೆ ಬಲಗಾಲು ಊರಿ, ಹೆಬ್ಬೆರಳಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಿ, ಒಂದೇ ನೆಗೆತಕ್ಕೆ ಮೇಲೆ ಬಂದಳು.

ಡ್ರೈವರು ತಿರುಗಿ ಗೊಲ್ಲಾಳಪ್ಪನ ಮುಖ ನೋಡಿದ. ಅಮೋಘಿ ನೋಡಿದ. ಹೆಂಗಸರು ನೋಡಿದರು. ಗೊಲ್ಲಾಳಪ್ಪ ರಸ್ತೆಯ ಕಡೆ ನೋಡುತ್ತಿದ್ದ. ಇಳಿ ಎಂದೂ ಹೇಳಲಿಲ್ಲ, ಕೂಡು ಎಂದೂ ಹೇಳಲಿಲ್ಲ.

ಟ್ರ್ಯಾಕ್ಟರು ಗುರುಗುಟ್ಟಿ ಹೊರಟಿತು. ಟ್ರಾಲಿ ಕುಲುಕಿತು. ಪೂನಮ ನಡುವೆ ಎರಡೂ ಕಾಲು ಅಗಲಿಸಿ ನಿಂತಳು, ಏನನ್ನೂ ಹಿಡಿದುಕೊಳ್ಳದೆ.

"ಜರಾ ಸರದ ಕೂಡ್ರಿ," ಎಂದಳು.